ಬೀರಣ್ಣನ ತಲೆಯೊಳಗಿನ ಕುರಿರೊಪ್ಪ

ಮಿದುಳಿನ ಅಲೆ ಬರೆಯುವ ಇ.ಇ.ಜಿ. ಕೆಲಸಕ್ಕೆ ಹೊಸದಾಗಿ ಸೇರುವವರು ಮೊದಲು ಕಲಿಯಬೇಕಾದದ್ದು ತಲೆ ತೊಳೆಯುವುದನ್ನು. ಮೆಷಿನ್ ಆಮೇಲೆ. ಇದನ್ನು ಯಾವ ಪುಸ್ತಕವೂ ಹೇಳುವುದಿಲ್ಲ, ಅದಕ್ಕೇ ನಾನು ಒಂದೇ ಬೆರಳಿನಲ್ಲಿ ಟೈಪ್ ಮಾಡಿಯಾದರೂ ಹೇಳುತ್ತಿದ್ದೇನೆ.

ನಮ್ಮ ಸೇಲಂ, ಧರ್ಮಪುರಿ ಕಡೆಯ ಜನ ಆಗ ತಲೆಗೆ ಹರಳೆಣ್ಣೆ ಹಚ್ಚುತ್ತಿದ್ದರು. ಸುಮ್ಮನೆ ಸವರಿಕೊಳ್ಳುವುದಲ್ಲ, ದೀಪಕ್ಕೆ ಹೊಯ್ದ ಹಾಗೆ ಹೊಯ್ದುಕೊಳ್ಳುವುದು. ಅಂಥ ತಲೆಯ ಮೇಲೆ ಅಂಟು ಹಾಕಿ ಮೆಷಿನ್ನಿನ ವೈರು ಕಟ್ಟಿದ ಬೆಳ್ಳಿಯ ಬಿಲ್ಲೆ ಕೂರಿಸಿದರೆ ಅದು ನಿಮ್ಮ ಕಣ್ಣೆದುರೇ ಜಾರಿ ಜಾರಿ ಕಿವಿಯ ಹತ್ತಿರ ಬಂದು ನಿಲ್ಲುತ್ತದೆ. ಅಲ್ಲಿ ನಿಂತು ಹೃದಯದ ಬಡಿತವನ್ನು ಹಿಡಿದು, ಇದೇ ಮಿದುಳಿನ ಅಲೆ ಎಂದು ಸುಳ್ಳು ಬರೆದು ಕಳಿಸುತ್ತದೆ. ಆದ್ದರಿಂದ ಮೊದಲು ಸೀಗೆಕಾಯಿ ಪುಡಿ, ಬಿಸಿನೀರು, ಟವೆಲ್. ಡಾಕ್ಟರುಗಳು ನನ್ನನ್ನು ಟೆಕ್ನಿಷಿಯನ್ ಅನ್ನುತ್ತಿದ್ದರು. ರೋಗಿಗಳು ತಲೆ ತೊಳೆಯುವವನು ಅನ್ನುತ್ತಿದ್ದರು. ಎರಡೂ ನಿಜ.

ನಾನು ಶಾಲೆಗೆ ಸೇರಿದ್ದೇ ತಡವಾಗಿ. ಪಾಲಕೋಡ್ ಪಕ್ಕದ ಹಳ್ಳಿ, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ನಡುವೆ ಕೆಲವು ವರ್ಷ ಎಡಪ್ಪಾಡಿಯಲ್ಲಿ ಮಗ್ಗದ ಕೆಲಸ. ಎಸ್ಸೆಸ್ಸೆಲ್ಸಿ ಪಾಸಾದಾಗ ನನಗೆ ಮೀಸೆ ದಟ್ಟವಾಗಿತ್ತು, ಮೇಷ್ಟರಿಗೆ ಇರಲಿಲ್ಲ. ಸೇಲಂನ ಒಂದು ಆಸ್ಪತ್ರೆಯಲ್ಲಿ ವಾರ್ಡಿನ ಆಳಾಗಿ ಸೇರಿದೆ. ಎಪ್ಪತ್ತರ ದಶಕದ ನಡುವೆ ಅಲ್ಲಿಗೆ ಇ.ಇ.ಜಿ. ಮೆಷಿನ್ ಬಂತು. ಸಣ್ಣ ವೈರುಗಳನ್ನು ಸಿಕ್ಕಾಗದ ಹಾಗೆ ಹಿಡಿಯುವವರು ಯಾರಿದ್ದೀರಿ ಎಂದು ದೊಡ್ಡ ಡಾಕ್ಟರು ಕೇಳಿದರು. ನೂಲಿನ ಸಿಕ್ಕು ಬಿಡಿಸಿ ಅಭ್ಯಾಸವಾದ ಕೈ ತಾನಾಗಿ ಮೇಲೆ ಹೋಯಿತು. ನನ್ನ ನೇಮಕ ಆದದ್ದು ಇಷ್ಟೇ. ಬಡ್ತಿಗಳ ವಿಷಯ ಬಿಟ್ಟುಬಿಡುತ್ತೇನೆ. ಬಂದವು, ನನ್ನ ಓದಿನ ಹಾಗೆ ತಡವಾಗಿ ಬಂದವು.

ಆ ಮೆಷಿನ್ ನೋಡಬೇಕಿತ್ತು ನೀವು. ಬೀರುವಿನಷ್ಟು ದೊಡ್ಡದು. ಎಂಟು ಪೆನ್ನುಗಳು ಸಾಲಾಗಿ ಕೂತು, ಓಡುವ ಕಾಗದದ ಮೇಲೆ ಒಟ್ಟಿಗೆ ಬರೆಯುತ್ತಿದ್ದವು. ಕಣ್ಣು ಮುಚ್ಚಿ ನೆಮ್ಮದಿಯಾಗಿ ಮಲಗಿದವನ ತಲೆಯ ಹಿಂಭಾಗದಿಂದ ಸಣ್ಣ, ಸಮನಾದ, ಚುರುಕಾದ ಅಲೆಗಳು ಬರುತ್ತವೆ. ಅವುಗಳ ಹೆಸರು ಆಲ್ಫಾ. ಕಣ್ಣು ಬಿಟ್ಟರೆ ಮಾಯ, ಮುಚ್ಚಿದರೆ ಮತ್ತೆ ಹಾಜರು. ಮೊದಲ ಸಲ ನೋಡಿದಾಗ ನನಗೆ ಹೊಗೆನಕಲ್ಲಿನಲ್ಲಿ ತೆಪ್ಪದ ಅಂಚಿಗೆ ನೀರು ತಟ್ಟುವುದು ನೆನಪಾಯಿತು. ಒಂದು ವಾರ ಸಿಕ್ಕಿದವರನ್ನೆಲ್ಲ ಮಲಗಿಸಿ ಕಣ್ಣು ಮುಚ್ಚಿಸಿದೆ. ಅಡುಗೆಯವನು, ವಾಚ್‌ಮನ್, ಔಷಧಿ ಕೊಡುವವರು, ಯಾರನ್ನೂ ಬಿಡಲಿಲ್ಲ.

ಪೆನ್ನಿನ ಶಾಯಿ ಕಟ್ಟಿಕೊಂಡರೆ ಬಾಯಿಂದ ಊದಿ ಬಿಡಿಸಬೇಕಿತ್ತು. ಒಮ್ಮೆ ಜೋರಾಗಿ ಊದಿದೆ. ಪೆನ್ನು ಸರಿಹೋಯಿತು, ಎದುರಿಗಿದ್ದ ದೊಡ್ಡ ಡಾಕ್ಟರ ಬಿಳಿಕೋಟು ಹೋಯಿತು. ಅವರು ಕೋಟಿನ ಮೇಲಿನ ಕಲೆಯನ್ನು ಕನ್ನಡಕ ಏರಿಸಿ ನೋಡಿ, ಇದು ಯಾವ ರೋಗದ ಅಲೆ ಎಂದು ನನ್ನನ್ನೇ ಕೇಳಿದರು. ಕಟ್ಟುನಿಟ್ಟಿನ ಮನುಷ್ಯ, ಬೋಳುತಲೆ, ತಮಿಳು ಮತ್ತು ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲ. ಆದರೆ ತಮಾಷೆಯನ್ನು ಮುಖ ಅಲ್ಲಾಡಿಸದೆ ಮಾಡುತ್ತಿದ್ದರು. ಅವರು ತಮಾಷೆ ಮಾಡಿದರೋ ಬೈದರೋ ಎಂದು ಮನೆಗೆ ಹೋಗಿ ಯೋಚಿಸಬೇಕಾಗುತ್ತಿತ್ತು.

ಈಗ ಬೀರಣ್ಣನ ವಿಷಯಕ್ಕೆ ಬರುತ್ತೇನೆ. ನನ್ನ ಇಡೀ ನೌಕರಿಯಲ್ಲಿ ನಾನು ಯಾರಿಗಾದರೂ ಹೇಳಿಕೊಂಡು ಕುಣಿಯುವ ಕೇಸು ಅದೊಂದೇ.

ಬೀರಣ್ಣ ಪಾಲಕೋಡ್ ಕಡೆಯ ಕುರಿ ಸಾಕುವ ಮನೆಯ ಯಜಮಾನ, ಕನ್ನಡದವನು. ಈಲಿ, ಅಂದರೆ ಲಿವರ್, ಕೆಟ್ಟು ಕಾಮಾಲೆಯಾಗಿ ಹಿಂದೆ ಒಮ್ಮೆ ನಮ್ಮಲ್ಲಿಗೆ ಬಂದು ಸುಧಾರಿಸಿಕೊಂಡು ಹೋಗಿದ್ದ. ಹೋಗುವಾಗ ದೊಡ್ಡ ಡಾಕ್ಟರು, ಚೆನ್ನಾಗಿ ಊಟ ಮಾಡು ಎಂದು ಹೇಳಿ ಕಳಿಸಿದ್ದರು. ಕೆಲವು ತಿಂಗಳಾದ ಮೇಲೆ ಮತ್ತೆ ಕರೆದುಕೊಂಡು ಬಂದರು. ಈ ಸಲ ಕಾಮಾಲೆಗಿಂತ ಹೆಚ್ಚಾಗಿ ಬುದ್ಧಿಯೇ ಹೆಚ್ಚುಕಡಿಮೆಯಾಗಿತ್ತು. ಜೊತೆಗೆ ಹೆಂಡತಿ ಸಣ್ಣಮ್ಮ, ಅವಳ ಅಣ್ಣ ಮುನಿಯಪ್ಪ. ಸಣ್ಣಮ್ಮ ವಾರ್ಡಿನಲ್ಲೇ ಉಳಿದಳು. ಮುನಿಯಪ್ಪ ಊರಲ್ಲಿ ಕುರಿ ನೋಡಿಕೊಂಡು, ವಾರಕ್ಕೆ ಎರಡು ಸಲ ಬಸ್ಸಿನಲ್ಲಿ ತೂಕ್ಕು ಹಿಡಿದುಕೊಂಡು ಬರುತ್ತಿದ್ದ. ತೂಕ್ಕು ಅಂದರೆ ನಮ್ಮ ಕಡೆಯ ಮುಚ್ಚಳದ ಊಟದ ಪಾತ್ರೆ.

ಬೀರಣ್ಣ ಕೆಲವು ದಿನ ಸರಿಯಾಗಿಯೇ ಇರುತ್ತಿದ್ದ. ತಮಿಳಿನಲ್ಲಿ ನರ್ಸುಗಳ ಯೋಗಕ್ಷೇಮ ವಿಚಾರಿಸುತ್ತಿದ್ದ. ಇನ್ನು ಕೆಲವು ದಿನ ತಮಿಳು ಪೂರ್ತಿ ಮರೆತುಹೋಗಿ ಬರೀ ಕನ್ನಡ. ಹಗಲೆಲ್ಲ ತೂಕಡಿಕೆ, ಬಿಸಿಲು ಇಳಿಯುವ ಹೊತ್ತಿಗೆ ಎದ್ದು ಕೂರುವುದು. ಆ ಹೊತ್ತಿಗೆ ಅವನ ಲೆಕ್ಕದಲ್ಲಿ ವಾರ್ಡು ವಾರ್ಡಲ್ಲ, ಮೇವಿನ ಬಯಲು. ನಾಲಿಗೆಯಲ್ಲಿ ಟ್ರ್ರ್ರ್ ಎಂದು ಸದ್ದು ಮಾಡುತ್ತ ಕಾಯಿಲೆಯವರನ್ನೆಲ್ಲ ಗೋಡೆಯ ಪಕ್ಕಕ್ಕೆ ಸೇರಿಸುತ್ತಿದ್ದ. ಆಶ್ಚರ್ಯ ಏನೆಂದರೆ ಅವರೂ ಸೇರುತ್ತಿದ್ದರು. ಆ ಸದ್ದಿನಲ್ಲಿ ಅಂಥದ್ದೇನೋ ಇತ್ತು, ಒಂದು ದಿನ ನಾನೇ ಎರಡು ಹೆಜ್ಜೆ ಹೋಗಿ ನಿಂತುಕೊಂಡೆ. ಹೆಡ್ ನರ್ಸ್ ಇದೇನೆಂದು ಕೇಳಲು ಬಂದರೆ ಅವರ ಗಲ್ಲ ಹಿಡಿದು ಹಲ್ಲು ನೋಡಿ ವಯಸ್ಸು ಹೇಳಿಬಿಟ್ಟ. ಕನ್ನಡ ಬಲ್ಲವನೆಂದು ಅನುವಾದಕ್ಕೆ ನನ್ನನ್ನು ಕರೆಸಿದರು. ಎರಡು ಮರಿ ಹಾಕಿದ ಕುರಿ ಅನ್ನುತ್ತಿದ್ದಾನೆ ಎಂದು ನಾನು ಹೆಡ್ ನರ್ಸಿಗೆ ಹೇಗೆ ಹೇಳಲಿ? ನಿಮ್ಮ ಬಗ್ಗೆ ಒಳ್ಳೆಯ ಅಭಿಪ್ರಾಯ ಐತೆ ಅಂತಾನೆ ಎಂದೆ. ಅದೂ ಸುಳ್ಳಲ್ಲ.

ನಾವೆಲ್ಲ ನಕ್ಕದ್ದು ನಿಜ. ಸಣ್ಣಮ್ಮ ನಗಲಿಲ್ಲ. ದೊಡ್ಡ ಡಾಕ್ಟರು ಮದರಾಸಿನ ಹುಚ್ಚಾಸ್ಪತ್ರೆಗೆ ಕಳಿಸುವ ಮಾತೆತ್ತಿದ್ದರು. ವಾರ್ಡಿನಲ್ಲಿ ಇಂಥವನನ್ನು ಎಷ್ಟು ದಿನ ಇಟ್ಟುಕೊಳ್ಳುವುದು ಎಂದು ಮೇಲಿನವರು ಅವರನ್ನು ಕೇಳುತ್ತಿದ್ದರು. ಅದಕ್ಕೂ ಮುಂಚೆ ತಲೆಯೊಳಗೆ ಗೆಡ್ಡೆ ಗಿಡ್ಡೆ ಇದೆಯೋ ನೋಡೋಣ ಎಂದು ನನ್ನ ಹತ್ತಿರ ಕಳಿಸಿದರು. ನಾನು ಬೀರಣ್ಣನ ತಲೆಗೆ ಸೀಗೆಕಾಯಿ ಹಾಕುತ್ತಿದ್ದರೆ ಸಣ್ಣಮ್ಮ ನೀರು ಹೊಯ್ಯುತ್ತ ನಿಂತಿದ್ದಳು.

"ಅಣ್ಣಾ, ನೀನು ನಮ್ಮ ಮಾತಿನೋನು. ನಿಜ ಏಳು," ಎಂದಳು. "ಮದ್ರಾಸಿಗೆ ಓದೋರು ತಿರುಗಿ ಬತ್ತಾರಾ? ಇವ್ರು ಅಲ್ಲಿ ಯಾರ್ ತಾವ ಮಾತಾಡ್ತಾರೆ? ಕೆಟ್ಟ ದಿನ ತಮಿಳೂ ಬರಾಕಿಲ್ಲ ಇವ್ರಿಗೆ."

ನೀರು ಸ್ವಲ್ಪ ಬಿಸಿಯಾಯಿತು ನೋಡಿ ಎಂದೆ.

ಅಂದು ಅವನ ಒಳ್ಳೆಯ ದಿನ. ಪೆನ್ನುಗಳು ಓಡಿದವು. ಆಲ್ಫಾ ಸ್ವಲ್ಪ ನಿಧಾನ, ಆದರೂ ಮರ್ಯಾದೆಯಾಗಿತ್ತು. ದೊಡ್ಡ ಡಾಕ್ಟರು ನೋಡಿ, ಗೆಡ್ಡೆಯೂ ಇಲ್ಲ ಗಿಡ್ಡೆಯೂ ಇಲ್ಲ ಎಂದರು. ನಾಲ್ಕು ದಿನ ಬಿಟ್ಟು ಕೆಟ್ಟ ದಿನ ಬಂತು. ಮತ್ತೆ ತೆಗೆ ಎಂದರು, ತೆಗೆದೆ. ಆ ಕಾಗದವನ್ನು ಎರಡೆರಡು ಸಲ ನೋಡಿದೆ. ಆಲ್ಫಾ ಎಲ್ಲೂ ಇಲ್ಲ. ದೊಡ್ಡ, ಸೋಮಾರಿ ಅಲೆಗಳು ಹಣೆಯ ಕಡೆಯಿಂದ ಎದ್ದು ಎರಡೂ ಪಕ್ಕ ಒಟ್ಟಿಗೆ ಹಿಂದಕ್ಕೆ ಉರುಳುತ್ತಿವೆ. ನಡುನಡುವೆ ವಿಚಿತ್ರವಾದ ಮೂರು ಮಡಿಕೆಯ ಅಲೆ. ಸ್ವಲ್ಪ ಒಂದು ಕಡೆ, ಆಮೇಲೆ ಜೋರಾಗಿ ಇನ್ನೊಂದು ಕಡೆ, ಆಮೇಲೆ ನಿಧಾನವಾಗಿ ಮತ್ತೆ ಮೊದಲಿನ ಕಡೆ. ಎಂಟು ಪೆನ್ನೂ ಸೇರಿ ನಮಸ್ಕಾರ ಹಾಕಿದ ಹಾಗೆ.

ಮುಂದಿನ ವಾರ ತೆಗೆದರೆ ಮತ್ತೆ ಮರ್ಯಾದೆಯ ಆಲ್ಫಾ. ಅದರ ಮುಂದಿನದು ಮತ್ತೆ ನಮಸ್ಕಾರ. ಗೆಡ್ಡೆಯಾದರೆ ಹೀಗೆ ಬಂದು ಹೋಗುವುದಿಲ್ಲ. ಹುಚ್ಚಾದರೆ ಅಲೆ ಇಷ್ಟು ನಿಧಾನವಾಗುವುದಿಲ್ಲ. ದೊಡ್ಡ ಡಾಕ್ಟರು ನಾಲ್ಕು ಕಾಗದಗಳನ್ನೂ ನೆಲದ ಮೇಲೆ ಹಾಸಿ, ಚಪ್ಪಲಿ ಬಿಟ್ಟು, ಅವುಗಳ ಸುತ್ತ ಪ್ರದಕ್ಷಿಣೆ ಬಂದರು. ಕೊನೆಗೆ ತಪ್ಪು ಮೂವರಲ್ಲಿ ಒಬ್ಬರದ್ದು ಅಂದರು: ರೋಗಿಯದ್ದು, ಮೆಷಿನ್ನದ್ದು, ಅಥವಾ ಬಿಲ್ಲೆ ಅಂಟಿಸಿದ ನನ್ನದು. ಎರಡನ್ನು ಈಗಲೇ ಪರೀಕ್ಷೆ ಮಾಡೋಣ ಎಂದು ತಾವೇ ಹೋಗಿ ಮಂಚದ ಮೇಲೆ ಮಲಗಿಬಿಟ್ಟರು.

ಬೋಳುತಲೆಗೆ ಬಿಲ್ಲೆ ಅಂಟಿಸುವ ಸುಖವನ್ನು ನಾನು ಬೇರೆ ಕಡೆ ಕಂಡಿಲ್ಲ. ಎಣ್ಣೆ ಇಲ್ಲ, ಕೂದಲು ಬಿಡಿಸುವುದಿಲ್ಲ, ಇಟ್ಟಲ್ಲಿ ಇಟ್ಟದ್ದು. ಮೆಷಿನ್ ಹಾಕಿದೆ. ಎಂಥ ಆಲ್ಫಾ ಅಂತೀರಿ, ನೇಯ್ದ ಸೀರೆಯ ಅಂಚಿನ ಹಾಗೆ. ಮೆಷಿನ್ನೂ ಪಾಸು, ನಾನೂ ಪಾಸು. ಅವರು ಆ ಕಾಗದದ ತುಂಡನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು ದಿನವೆಲ್ಲ ಓಡಾಡಿದರು. ಆಪರೇಷನ್ ಡಾಕ್ಟರಿಗೆ ತೋರಿಸಿ, ನಿನ್ನದನ್ನೂ ತೆಗೆಸಿಕೋ, ಏನಾದರೂ ಸಿಕ್ಕರೆ ನನಗೆ ಹೇಳು ಎಂದರಂತೆ.

ಮಾರನೆಯ ದಿನ ಅವರು ಬೀರಣ್ಣನ ಕೈ ಪರೀಕ್ಷೆ ಮಾಡಿದರು. ಎರಡೂ ಕೈ ಮುಂದಕ್ಕೆ ಚಾಚಿ, ಬಸ್ ನಿಲ್ಲಿಸುವವನ ಹಾಗೆ ಅಂಗೈ ಎತ್ತಿ ಹಿಡಿಯಬೇಕು. ಬೀರಣ್ಣನ ಅಂಗೈ ನಿಲ್ಲಲಿಲ್ಲ. ಹಾರಲು ಹೊರಟ ಹಕ್ಕಿಯ ರೆಕ್ಕೆಯ ಹಾಗೆ ಪಟ್ ಪಟ್ ಎಂದು ಬಿದ್ದು ಎದ್ದಿತು. ಸಂಜೆಯ ಹೊತ್ತಿಗೆ ಇಡೀ ವಾರ್ಡು ಕೈ ಚಾಚಿ ಬಸ್ ನಿಲ್ಲಿಸುತ್ತಿತ್ತು, ತಮಗೂ ಆ ರೋಗ ಇದೆಯೋ ಎಂದು. ಈಲಿಯ ದೋಷ ತಲೆಗೆ ಏರುತ್ತಿದೆ ಎಂದು ದೊಡ್ಡ ಡಾಕ್ಟರಿಗೆ ಆಗಲೇ ಅನುಮಾನ. ರಕ್ತದಲ್ಲಿ ಅಮೋನಿಯಾ ಎಷ್ಟಿದೆ ಎಂದು ಅಳೆದರೆ ಗೊತ್ತಾಗುತ್ತಿತ್ತು. ಅದಕ್ಕೆ ರಕ್ತವನ್ನು ಐಸಿನಲ್ಲಿಟ್ಟು ತಕ್ಷಣ ಪರೀಕ್ಷಿಸಬೇಕು, ನಮ್ಮಲ್ಲಿ ಆ ಏರ್ಪಾಡು ಇರಲಿಲ್ಲ. ಇದ್ದದ್ದು ನನ್ನ ಎಂಟು ಪೆನ್ನುಗಳು. ಆದರೆ ಅವರಿಗೆ ಅರ್ಥವಾಗದೆ ಉಳಿದದ್ದು ಒಂದೇ: ಆಸ್ಪತ್ರೆಯ ಗಂಜಿ ಕುಡಿದು ಸುಮ್ಮನೆ ಮಲಗಿರುವವನು ವಾರದಲ್ಲಿ ಎರಡು ಸಲ ಯಾಕೆ ಕೆಡುತ್ತಾನೆ? ಅದನ್ನು ಬಿಡಿಸದೆ ಹೋದರೆ ಮುಂದಿನ ಸೋಮವಾರ ಮದರಾಸಿಗೆ ಕಳಿಸಲೇಬೇಕು ಎಂದರು. ಸಣ್ಣಮ್ಮನಿಗೆ ಇದನ್ನು ಕನ್ನಡದಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಸುದ್ದಿ ಮುನಿಯಪ್ಪನಿಗೂ ಮುಟ್ಟಿತು. ಅವನು ನೇರವಾಗಿ ದೊಡ್ಡ ಡಾಕ್ಟರ ಕೋಣೆಗೆ ಬಂದ. ಕಂಬಳಿ ಹೊದ್ದ ಎತ್ತರದ ಆಳು, ಒಂದು ಕೈಯಲ್ಲಿ ತೂಕ್ಕು. ದೊಡ್ಡವರ ಹತ್ತಿರ ಬರಿಗೈಯಲ್ಲಿ ಹೋಗಬಾರದು ಎನ್ನುವುದು ಅವರ ಮನೆಯ ಪದ್ಧತಿ. ಮೇಜಿನ ಮೇಲೆ ತೂಕ್ಕು ಇಟ್ಟು ಮುಚ್ಚಳ ತೆಗೆದ. ಮೆಣಸು ಬೆಳ್ಳುಳ್ಳಿಯ ಘಮ ಕೋಣೆಯೆಲ್ಲ ತುಂಬಿತು. ನನ್ನ ಬಾಯಲ್ಲಿ ನೀರೂರಿತು.

"ಸಾರ್, ಮದ್ರಾಸ್ ಬೇಡ," ಎಂದ ಮುನಿಯಪ್ಪ. ತಮಿಳು ಚೆನ್ನಾಗಿ ಬರುವವನೇ, ದುಃಖಕ್ಕೆ ಕನ್ನಡದಲ್ಲೇ ಹೇಳಿದ, ನಾನು ತಮಿಳಿಗೆ ತಿರುಗಿಸಿದೆ. "ನಾವು ನೋಡ್ಕೊಳಾದ್ರಲ್ಲಿ ಕಮ್ಮಿ ಮಾಡಿಲ್ಲ. ನೋಡಿ, ನೀವೂ ಒಂದೀಟು ಕುಡೀರಿ. ಟಗರಿನ ಈಲಿ ಸಾರು, ರಕ್ತದ ಪಲ್ಯ. ಭಾವನ ಈಲಿ ಕೆಟ್ಟೈತೆ ಅಂತ ನೀವೇ ಅಂದ್ರಿ. ಈಲಿಗೆ ಈಲಿನೇ ಮದ್ದು. ವಾರಕ್ಕೆರಡು ಸಲ ನಾನೇ ತತ್ತೀನಿ. ಒಂದ್ ತೊಟ್ಟು ಬಿಡದಂಗೆ ಕುಡಿಸ್ತಾಳೆ ನನ್ ತಂಗಿ."

ದೊಡ್ಡ ಡಾಕ್ಟರು ತೂಕ್ಕಿನೊಳಗೆ ನೋಡಿದರು. ಆಮೇಲೆ ಮುನಿಯಪ್ಪನನ್ನು ನೋಡಿದರು. ಯಾವ ಯಾವ ದಿನ ತರುತ್ತಾನೆ ಎಂದು ಕೇಳು ಎಂದರು. ಕೇಳಿದೆ, ಹೇಳಿದ. ಸಾರು ಬಂದ ಬೆನ್ನಿಗೇ ಬೀರಣ್ಣನ ಕೆಟ್ಟ ದಿನ ಬರುತ್ತಿತ್ತು. ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕನ್ನಡಕ ತೆಗೆದು ನಗಲು ಶುರುಮಾಡಿದರು. ಆ ಮನುಷ್ಯ ಹಲ್ಲು ಕಾಣುವ ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅಂದೇ. ಕಣ್ಣಲ್ಲಿ ನೀರು ಬಂತು. "ಚೆನ್ನಾಗಿ ಊಟ ಮಾಡು ಅಂತ ಹೇಳಿದ್ದು ನಾನೇ ಅಲ್ಲವಾ," ಎಂದು ತಮಿಳಿನಲ್ಲಿ ಎರಡೆರಡು ಸಲ ಹೇಳಿಕೊಂಡರು. ಮುನಿಯಪ್ಪ ಆ ನಗು ಯಾಕೆಂದು ಅರ್ಥವಾಗದೆ, ಸಾರು ಹಿಡಿಸಿತು ಎಂದುಕೊಂಡು ಇನ್ನೂ ಹತ್ತಿರಕ್ಕೆ ತಳ್ಳಿದ.

ಈಲಿ ಸಾರು ನಿಲ್ಲಿಸಿ ಎಂದ ಕೂಡಲೇ ಮುನಿಯಪ್ಪನ ಮುಖ ಕಪ್ಪಾಯಿತು. ಕಾಯಿಲೆಯವನ ಬಾಯಿಂದ ಸಾರು ಕಿತ್ತುಕೊಳ್ಳುವುದು ಅವರಲ್ಲಿ ಶತ್ರು ಮಾಡುವ ಕೆಲಸ. ಇಂಥ ಆಸ್ಪತ್ರೆಯೇ ಬೇಡ, ಭಾವನನ್ನು ಈಗಲೇ ಊರಿಗೆ ಕರೆದುಕೊಂಡು ಹೋಗಿ ಒಂದು ಟಗರು ಪೂರ್ತಿ ತಿನ್ನಿಸಿ ಸರಿಮಾಡುತ್ತೇನೆ ಎಂದು ಎದ್ದ. ಸಣ್ಣಮ್ಮನೂ ಅಷ್ಟು ಹೊತ್ತಿಗೆ ಬಾಗಿಲಲ್ಲಿ ಬಂದು ನಿಂತಿದ್ದಳು, ಅವಳೂ ಅಣ್ಣನ ಕಡೆ. ಒಂದು ಕಡೆ ಮದರಾಸು, ಇನ್ನೊಂದು ಕಡೆ ಪೂರ್ತಿ ಟಗರು, ನಡುವೆ ಬೀರಣ್ಣನ ತಲೆ.

ದೊಡ್ಡ ಡಾಕ್ಟರು ಮೆಲ್ಲಗೆ ನಗು ಒರೆಸಿಕೊಂಡು, ಒಂದು ಪ್ರಶ್ನೆ ಕೇಳು ಎಂದರು. ಬೆಳಿಗ್ಗೆ ಕುರಿರೊಪ್ಪದ ಬಾಗಿಲು ತೆಗೆದಾಗ ಏನಾಗುತ್ತದೆ? ಅವರು ಸಣ್ಣವರಿದ್ದಾಗ ಎಲ್ಲೋ ಅಂಥ ರೊಪ್ಪದ ಪಕ್ಕದ ಮನೆಯಲ್ಲಿದ್ದರಂತೆ.

"ಏನಾಯ್ತದೆ, ಕಣ್ಣುರಿ ಬತ್ತೈತೆ," ಎಂದ ಮುನಿಯಪ್ಪ. "ರಾತ್ರಿಯೆಲ್ಲ ಉಚ್ಚೆ ಇಕ್ಕೆ ಬಿದ್ದಿರ್ತೈತೆ. ಆ ಘಾಟಿಗೆ ತಲೆ ಗಿರ್ ಅಂತೈತೆ."

ಆ ಘಾಟಿನ ಹೆಸರೇ ಅಮೋನಿಯಾ ಎಂದು ಡಾಕ್ಟರು ಹೇಳಿಸಿದರು. ಮಾಂಸ, ರಕ್ತ, ಈಲಿ ತಿಂದರೆ ಎಲ್ಲರ ಹೊಟ್ಟೆಯ ಕರುಳಿನಲ್ಲೂ ಅದೇ ಘಾಟು ಹುಟ್ಟುತ್ತದೆ. ಹುಟ್ಟಿದ್ದನ್ನು ಹಿಡಿದು ಗುಡಿಸಿ, ಮೂತ್ರದಲ್ಲಿ ಹೊರಗೆ ಹಾಕುವ ಹಾಗೆ ಮಾಡುವ ಆಳು ಈಲಿ. ಬೀರಣ್ಣನ ಆಳು ಕಾಯಿಲೆ ಬಿದ್ದಿದ್ದಾನೆ. ಗುಡಿಸುವವರಿಲ್ಲದ ಘಾಟು ರಕ್ತದ ಜೊತೆ ನೇರ ತಲೆಗೆ ಹೋಗಿ ಅಲ್ಲಿ ತುಂಬಿಕೊಳ್ಳುತ್ತದೆ. ಅಲೆಗಳು ನಿಧಾನವಾಗುತ್ತವೆ, ಕೈ ರೆಕ್ಕೆಯಾಗುತ್ತದೆ, ಮನುಷ್ಯನಿಗೆ ವಾರ್ಡು ಬಯಲಾಗಿ ಕಾಣುತ್ತದೆ. ಇದು ಹುಚ್ಚಲ್ಲ. ಗುಡಿಸದ ರೊಪ್ಪ.

ಮುನಿಯಪ್ಪ ಕಂಬಳಿ ಸರಿಮಾಡಿಕೊಂಡು ಮತ್ತೆ ಕೂತ.

"ಅಂಗಾರೆ ರೊಪ್ಪ ಗುಡಿಸ್ಬೇಕು ಅನ್ನಿ," ಎಂದ.

"ಗುಡಿಸಬೇಕು. ಗುಡಿಸುವ ತನಕ ಹೊಸ ಹಿಕ್ಕೆ ಬೀಳಬಾರದು," ಎಂದು ಡಾಕ್ಟರು ನನ್ನಿಂದ ಹೇಳಿಸಿದರು.

"ಗುಡ್ಸೋದು ಯೆಂಗೆ?"

ಅದಕ್ಕೆ ಎನಿಮಾ ಎಂಬ ವಿಧಾನ ಇದೆ ಎಂದು ನಾನು ವಿವರಿಸಿದೆ. ಕೈಯಲ್ಲಿ ತೋರಿಸಲೂ ಬೇಕಾಯಿತು. ಮುನಿಯಪ್ಪನಿಗೆ ನಗು ತಡೆಯಲಾಗಲಿಲ್ಲ. ಕಂಬಳಿಯಲ್ಲಿ ಬಾಯಿ ಮುಚ್ಚಿಕೊಂಡು, ನಮ್ ಭಾವ ಊರಿಗೇ ನ್ಯಾಯ ಏಳೋನು, ಅವನಿಗೆ ಈ ಮರ್ಯಾದೆಯಾ ಎಂದ. ಆದರೆ ಸಣ್ಣಮ್ಮ ಮುಂದೆ ಬಂದು, ತೂಕ್ಕಿನ ಮುಚ್ಚಳ ಹಾಕಿ, ಅದನ್ನು ಅಣ್ಣನ ಕೈಗೆ ಕೊಟ್ಟಳು. "ನೀನೇ ತಿನ್ನು ಓಗು. ನಿನ್ ಈಲಿ ಗಟ್ಟಿಯಾಗೈತೆ," ಎಂದಳು. ಅವನು ಆಸ್ಪತ್ರೆಯ ಬೇವಿನ ಮರದ ಕೆಳಗೆ ಕೂತು ತಿಂದ. ನನಗೂ ಕೊಟ್ಟ. ಅಂಥ ಸಾರು ಬೀರಣ್ಣ ಬಿಡದೆ ಕುಡಿದದ್ದರಲ್ಲಿ ಅವನದೇನೂ ತಪ್ಪಿಲ್ಲ.

ಆಮೇಲೆ ಗಂಜಿ, ಹಣ್ಣು, ಸಕ್ಕರೆ ನೀರು, ಕರುಳಿನ ಕ್ರಿಮಿ ಕಡಿಮೆ ಮಾಡುವ ಮಾತ್ರೆ, ಮತ್ತೆ ರೊಪ್ಪ ಗುಡಿಸುವ ಆ ವಿಧಾನ. ಈಗಿನ ಡಾಕ್ಟರುಗಳು ಮಾಂಸ, ಬೇಳೆಯಂಥ ಸತ್ವದ ಆಹಾರವನ್ನು ಹಾಗೆ ಪೂರ್ತಿ ನಿಲ್ಲಿಸುವುದಿಲ್ಲವಂತೆ, ಔಷಧಿಗಳೂ ಬೇರೆ ಬಂದಿವೆಯಂತೆ. ನಿಮ್ಮ ಮೆಷಿನ್ನಿನಲ್ಲೂ ಕಾಗದ ಇಲ್ಲ, ಶಾಯಿ ಇಲ್ಲ, ಅಲೆಗಳನ್ನು ಕಂಪ್ಯೂಟರೇ ಎಣಿಸುತ್ತದೆ. ನಾನು ಹೇಳುತ್ತಿರುವುದು ಅಂದಿನ ಕಥೆ. ಅಂದಿಗೆ ಅದು ಸಾಕಾಯಿತು. ಸೋಮವಾರಕ್ಕೆ ಮೊದಲೇ ಬೀರಣ್ಣ ಹೆಡ್ ನರ್ಸಿಗೆ ತಮಿಳಿನಲ್ಲಿ ವಣಕ್ಕಂ ಹೇಳಿದ. ಕೈ ಚಾಚಿದರೆ ನಿಂತ ಕಂಬದ ಹಾಗೆ ನಿಂತಿತು.

ಆದರೂ ಮೇಲಿನವರಿಗೆ ತೋರಿಸಲು ಒಂದು ಒಳ್ಳೆಯ ಕಾಗದ ಬೇಕು, ಇಲ್ಲದಿದ್ದರೆ ಮದರಾಸಿನ ಮಾತು ಹೋಗುವುದಿಲ್ಲ ಎಂದರು ದೊಡ್ಡ ಡಾಕ್ಟರು. ಸೋಮವಾರ ಬೆಳಿಗ್ಗೆ ಬೀರಣ್ಣನನ್ನು ಮಲಗಿಸಿದೆ. ಒಂದು ಪಕ್ಕ ಡಾಕ್ಟರು, ಇನ್ನೊಂದು ಪಕ್ಕ ಸಣ್ಣಮ್ಮ, ಕಾಲ ಹತ್ತಿರ ಮುನಿಯಪ್ಪ. ಯಾರೂ ಮಾತಾಡಬಾರದು, ರೋಗಿಯಂತೂ ತುಟಿ ಬಿಚ್ಚಲೇಬಾರದು ಎಂದು ಎಚ್ಚರಿಕೆ ಕೊಟ್ಟು ಮೆಷಿನ್ ಹಾಕಿದೆ. ಕಣ್ಣು ಮುಚ್ಚು ಎಂದೆ. ಮುಚ್ಚಿದ. ನಾನು ಪೆನ್ನುಗಳ ಮೇಲೆ ಬಗ್ಗಿದೆ.

ಬಂತು. ಮೊದಲು ಅಲ್ಲೊಂದು ಇಲ್ಲೊಂದು, ಆಮೇಲೆ ಸಾಲಾಗಿ, ಸಣ್ಣ, ಸಮನಾದ, ಚುರುಕಾದ ಅಲೆಗಳು. ಕಣ್ಣು ಬಿಡು ಎಂದರೆ ಮಾಯ, ಮುಚ್ಚು ಎಂದರೆ ಹಾಜರು. ಡಾಕ್ಟರು ನನ್ನ ಭುಜ ಹಿಡಿದು ಒತ್ತಿದರು. ನಾನು ಸಣ್ಣಮ್ಮನ ಕಡೆ ತಿರುಗಿ, ಇದೇ ನೋಡಿ ನಿಮ್ಮ ಯಜಮಾನ, ತಿರುಗಿ ಬಂದವ್ರೆ ಎಂದು ಪಿಸುಗುಟ್ಟಿದೆ.

ಸಣ್ಣಮ್ಮ ಓಡುವ ಕಾಗದವನ್ನು ನೋಡಿದಳು. ನಂಬಿಕೆ ಬರಲಿಲ್ಲ. ನಾನು ಹಾಕಿದ ಕಟ್ಟಳೆಯನ್ನೆಲ್ಲ ಮರೆತು ಗಂಡನ ಮುಖದ ಮೇಲೆ ಬಗ್ಗಿದಳು.

"ನನ್ ಮದ್ವೇಲಿ ನಮ್ ತವರಿಂದ ಕೊಟ್ಟ ಕುರಿ ನೆನಪೈತಾ ನಿಮ್ಗೆ?" ಎಂದು ಕೇಳಿದಳು.

ಬೀರಣ್ಣ ಕಣ್ಣು ಬಿಟ್ಟ. "ನೆನಪಿಲ್ದೆ ಏನು. ಗೊಡ್ಡು ಕುರಿ. ನಿಮ್ಮಣ್ಣ ಆರ್ಸಿ ಆರ್ಸಿ ಕೊಟ್ಟ."

"ಗೊಡ್ಡಾ?" ಎಂದ ಮುನಿಯಪ್ಪ ಕಾಲ ಕಡೆಯಿಂದ. "ನಮ್ಮನೇಲಿದ್ದಾಗ ಎಲ್ಡು ಮರಿ ಆಕಿತ್ತು ಕಣಯ್ಯ. ನಿಮ್ಮನೆ ಮೇವು ನೋಡಿ ಬ್ಯಾಸತ್ತು ನಿಲ್ಲಿಸ್ತು."

"ಎಲ್ಡಾ? ಯಾವನ್ಲಾ ಏಳಿದ್ದು? ಒಂದೇ. ಅದೂ ಪಕ್ಕದ ಮನೇದು ತಂದು ತೋರ್ಸಿದ್ರಿ."

ಮಾತಾಡುವಾಗ ದವಡೆಯ ಸ್ನಾಯು ಕುಣಿದರೆ ಮಿದುಳಿನ ಅಲೆ ಮುಚ್ಚಿಹೋಗುತ್ತದೆ. ಎಂಟು ಪೆನ್ನೂ ಒಟ್ಟಿಗೆ ಹುಚ್ಚೆದ್ದು, ಕಾಗದದ ಮೇಲೆ ಕಪ್ಪು ಮುಳ್ಳಿನ ಬೇಲಿ ಹಾಕುತ್ತ, ಒಂದರ ಮೇಲೊಂದು ಬಿದ್ದು, ಶಾಯಿ ಚಿಮ್ಮಿಸಿದವು. ಸಣ್ಣಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತ, ಅಳುತ್ತಲೇ ಅಣ್ಣನಿಗೆ ಸುಮ್ಮನಿರು ಅನ್ನುತ್ತ, ಗಂಡನಿಗೂ ಒಂದೇ ಮರಿ ಅಲ್ಲ ಎಲ್ಡೇ ಎಂದು ಹೇಳುತ್ತಿದ್ದಳು. ಏನಾಗುತ್ತಿದೆ ಎಂದು ದೊಡ್ಡ ಡಾಕ್ಟರು ಕೇಳಿದರು. ಕುರಿ ಎಷ್ಟು ಮರಿ ಹಾಕಿತ್ತು ಎಂದು ಜಗಳ ಸಾರ್, ಕಾಗದ ಹಾಳಾಗುತ್ತಿದೆ, ನಿಲ್ಲಿಸಲಾ ಎಂದು ಸ್ವಿಚ್ಚಿಗೆ ಕೈ ಹಾಕಿದೆ.

ಅವರು ನನ್ನ ಕೈ ಹಿಡಿದುಕೊಂಡರು.

"ಓಡಟ್ಟುಂ, ವಿಡು," ಎಂದರು. ಓಡಲಿ, ಬಿಡು.